ಮುತ್ತಕ್ಕನ ಕಣ್ಣಿಗೆ ಹೊಂದುವ ಪರದೆ

ಬೆಳಿಗ್ಗೆ ಆರೂವರೆ. ಬಾರ್ಕೂರಿನ ಮದುವೆ ಕಾಗದ ಅಚ್ಚು ಹಾಕುವ ಅಂಗಡಿಯ ಶಟರ್ ಅರ್ಧ ಮೇಲಿದೆ. ರಿಪೇರಿಗೆಂದು ಕೋಟದಿಂದ ಮೊದಲ ಬಸ್ಸಿಗೆ ಬಂದ ಪ್ರಭಾವತಿ ಮೊದಲಿಗೆ ಕಂಪ್ಯೂಟರನ್ನು ಮುಟ್ಟುವುದೇ ಇಲ್ಲ. ಆಪರೇಟರ್ ಮುತ್ತು ಅವರನ್ನು ಅವರದೇ ಕುರ್ಚಿಯಲ್ಲಿ ಕೂರಿಸಿ, ಕಣ್ಣಿಂದ ಪರದೆಗೆ ಎಷ್ಟು ದೂರ ಎಂದು ಹೊಲಿಗೆ ಟೇಪಿನಲ್ಲಿ ಅಳೆಯುತ್ತಾರೆ.

“ಹ್ವಾಯ್, ಎಂತ, ರವಿಕೆ ಹೊಲೂಕಾ?” ಮಾಲೀಕ ರಾಜೇಂದ್ರ ನಗುತ್ತಾರೆ.

“ಅಲ್ಲ, ನಿಮ್ ಬಾಯಿಗೊಂದ್ ಚೀಲ,” ಪ್ರಭಾವತಿ ತಲೆ ಎತ್ತುವುದಿಲ್ಲ.

ಮುತ್ತು ಮಾತ್ರ ನಗುವುದಿಲ್ಲ. ಒಂದು ತಿಂಗಳಿಂದ ಕಣ್ಣು ಉರಿ, ಒತ್ತಕ್ಷರಗಳು ತಪ್ಪುತ್ತಿವೆ. ಎರಡು ಮದುವೆಯ ಕಾಗದ ಮತ್ತೆ ಅಚ್ಚಾಗಬೇಕಾಯಿತು. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಿಂದ ಇಲ್ಲೇ ದುಡಿದ ಅವರ ಜಾಗಕ್ಕೆ ಸೋಮವಾರದಿಂದ ಬೇರೆ ಹುಡುಗಿ ಬರುತ್ತಾಳಂತೆ.

ಪ್ರಭಾವತಿ ಕೋಟದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದವರು. ಕ್ಲಾಸು ಖಾಲಿಯಾದಾಗ, 1999ರಲ್ಲಿ, ಕಂಪ್ಯೂಟರ್ ರಿಪೇರಿ ಕಲಿತರು. ಹೆಂಗಸಿಗೇನು ಗೊತ್ತು ಎಂದು ಮೊದಲ ವರ್ಷ ಕರೆದವರು ಮೂರೇ ಮಂದಿ. ಈಗ, 2003ರಲ್ಲಿ, ದಿನಕ್ಕೆ ನಾಲ್ಕೈದು ಅಂಗಡಿ. ಶಂಕರನಾರಾಯಣದವರೆಗೂ ಬಸ್ಸಿನಲ್ಲೇ ಓಡಾಟ.

“ಟೈಪಿಂಗ್ ಕಲ್ಸುವಾಗ್ಳೂ ಮೊದ್ಲ್ ಕುರ್ಚಿ ಸಮಾ ಮಾಡ್ಸ್ತಿದ್ದೆ. ಯಂತ್ರಕ್ಕೆ ಎಂತ ಗೊತ್ತ್? ಕಾಂಬುದ್ ಮನುಷ್ಯ ಅಲ್ದಾ?” ಎನ್ನುತ್ತಾರೆ.

ಹದಿನೈದು ಇಂಚಿನ ಮಾನಿಟರಿನ ರೆಸಲ್ಯೂಷನ್ನನ್ನು, ಅಂದರೆ ಪರದೆಯ ಚುಕ್ಕಿಗಳ ಲೆಕ್ಕವನ್ನು, ಯಾರೋ 1024×768ಕ್ಕೆ ಏರಿಸಿಟ್ಟಿದ್ದಾರೆ.

“ನಾನೇ, ಹೋದ ತಿಂಗ್ಳ್,” ರಾಜೇಂದ್ರ ಒಪ್ಪುತ್ತಾರೆ. “ಸಾಲಿಗ್ರಾಮದ ಸ್ಟುಡಿಯೋದವ್ರಿಗೆ ನೀವೇ ಅಷ್ಟ್ ಇಟ್ಟ್ ಕೊಟ್ಟಿದ್ರಿ. ಹೆಚ್ಚಿದ್ರೆ ಒಳ್ಳೇದಲ್ದಾ?”

“ಅವ್ರದ್ದ್ ಹದಿನೇಳ್ ಇಂಚ್. ಅವ್ರ್ ಫೋಟೋ ಕಾಂಬುದ್, ಇವ್ರ್ ಅಕ್ಷರ ಓದುದ್. ಈ ಸಣ್ಣ ಡಬ್ಬದೊಳ್ಗೆ ಅಷ್ಟ್ ತುಂಬ್ರೆ ಅಕ್ಷರ ಸಾಸ್ಮಿ ಕಾಳಷ್ಟ್ ಸಣ್ಣ ಆತ್ತ್.”

ಅವರು 800×600ಕ್ಕೆ ಇಳಿಸುತ್ತಾರೆ. ಸೆಕೆಂಡಿಗೆ ಅರವತ್ತು ಬಾರಿ ಮಿಟುಕುತ್ತಿದ್ದ ಪರದೆ ಎಂಬತ್ತೈದಕ್ಕೆ ಏರಿ, ನಡುಕ ನಿಲ್ಲುತ್ತದೆ. ಅಕ್ಷರಗಳು ಹಿಗ್ಗುತ್ತವೆ.

“ಓದಿ ಕಾಂಬ, ಮುತ್ತಕ್ಕ.”

ಮುತ್ತು ಇವತ್ತು ಅಚ್ಚಿಗೆ ಹೋಗಬೇಕಾದ ಕಾಗದ ಓದತೊಡಗುತ್ತಾರೆ. ಮೂರನೇ ಸಾಲಿನಲ್ಲಿ ಬೆರಳು ನಿಲ್ಲುತ್ತದೆ.

“ಮದುಮಗಳ ಅಪ್ಪಯ್ಯನ ಹೆಸ್ರಲ್ಲಿ ಒತ್ತ್ ಬಿಟ್ಟ್ ಹೋಯಿತ್, ಕಾಣಿ.”

ನಿನ್ನೆ ಸಂಜೆ ಅದನ್ನು ಓದಿ ಸರಿ ಇದೆ ಎಂದವರು ರಾಜೇಂದ್ರರೇ. ಕನ್ನಡಕ ಹಾಕಿಕೊಂಡು ಬಗ್ಗುತ್ತಾರೆ. ಬಿಟ್ಟುಹೋದ ಒತ್ತು ಈಗ ಅವರಿಗೂ ಕಾಣುತ್ತದೆ.

“ಸೋಮವಾರ ಆ ಹುಡ್ಗಿ ಬಪ್ಪುದ್ ಬ್ಯಾಡ,” ಎಂದು, ಪ್ರಭಾವತಿಯತ್ತ ತಿರುಗುತ್ತಾರೆ. “ನೀವ್ ಒಂದ್ ಚಾ ಆದ್ರೂ ಕುಡ್ದ್ ಹೋಯ್ನಿ.”

“ಚಾ ಬ್ಯಾಡ. ‘ಮುತ್ತಕ್ಕನ ಕಣ್ಣ್ ಹೋಯಿತ್’ ಅಂದೇಳಿ ನಿನ್ನೆ ನೀವ್ ಗಿರಾಕಿಗಳ ಎದ್ರ್ ಹೇಳಿದ್ರಂತೆ. ‘ಹೋದ್ದ್ ಕಣ್ಣಲ್ಲ, ಪರದೆ ಕೆಡ್ಸಿದ್ದ್ ನಾನೇ’ ಅಂದೇಳಿ ಇವತ್ತ್ ಅವ್ರ ಎದ್ರೇ ಹೇಳಿ. ನಂಗ್ ಅಷ್ಟ್ ಸಾಕ್.”