ನಾನು ಕೇಳಿದ ವಯಸ್ಸು

ಜಪಾನಿನ ನಗೋಯಾದಲ್ಲಿ ನಾನಿರುವುದು ಕಾರಿನ ಬ್ಯಾಟರಿ ಭಾಗಗಳನ್ನು ಮಾಡುವ ಕಂಪನಿಯಲ್ಲಿ. ಅದಕ್ಕೆ ಬೇಕಾದ ಅದಿರು ಬರುವುದು ಆಫ್ರಿಕಾದ ಒಂದು ದೇಶದಿಂದ. ಅಲ್ಲಿನ ಗಣಿಗಳಲ್ಲಿ ಮಕ್ಕಳು ದುಡಿಯುತ್ತಿಲ್ಲ ಎಂದು ಪ್ರತಿ ವರ್ಷ ಫಾರಂ ತರಿಸಿಕೊಂಡು, ಕೊನೆಗೆ ನನ್ನ ಹೆಸರಿನ ಪುಟ್ಟ ಮುದ್ರೆ ಒತ್ತುವುದು ನನ್ನ ಕೆಲಸ.

ಮೊದಲ ವರ್ಷ ಆ ದೇಶದ ಕಾನೂನನ್ನು ಕೂತು ಓದಿದ್ದೆ. ಗಣಿ ಕೆಲಸಕ್ಕೆ ಹದಿನೆಂಟು ತುಂಬಿರಬೇಕು. ಮದುವೆಗೂ ಹದಿನೆಂಟು. ಅದಕ್ಕಿಂತ ಚಿಕ್ಕವರನ್ನು ದೊಡ್ಡವರ ಜೈಲಿಗೆ ಹಾಕುವಂತಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದು ಖುಷಿಪಟ್ಟಿದ್ದೆ. ನನ್ನ ಪೆದ್ದುತನ ನೆನೆದರೆ ಈಗ ಮೈ ಉರಿಯುತ್ತದೆ.

ಕಳೆದ ವರ್ಷ ಫಾರಂ ಜೊತೆ ಬಂದ ಒಂದು ಫೋಟೊದಲ್ಲಿ, ಅದಿರು ತೊಳೆಯುವ ಹೆಂಗಸರ ಸಾಲಿನ ಕೊನೆಯಲ್ಲಿ ಒಬ್ಬ ಹುಡುಗಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು. ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಶಾಲೆಯಿಂದ ಬಂದ ಹನ್ನೆರಡರ ಮಗಳು ನನ್ನ ಭುಜದ ಮೇಲಿಂದ ಇಣುಕಿದಳು.

“ಅಮ್ಮಾ, ಶೀ ಈಸ್ ಮೈ ಏಜ್, ಅಲ್ವಾ?”

“ಹೂಂ ಕಣೇ. ಹೋಗು, ಕೈ ತೊಳ್ಕೊಂಡು ಬಾ.”

ಅವಳು ಅತ್ತ ಹೋದ ಕೂಡಲೇ ಗಣಿಯವರಿಗೆ ಬರೆದೆ: ಸಾಲಿನ ಕೊನೆಯವಳ ವಯಸ್ಸೆಷ್ಟು? ದಾಖಲೆ ಕಳಿಸಿ. ಇಲ್ಲಿ ಕೆಲಸ ಮಾಡಿ ಮಾಡಿ, ಏನು ಕೇಳಿದರೂ ಜೊತೆಗೆ ದಾಖಲೆ ಕೇಳುವುದು ಅಭ್ಯಾಸವಾಗಿಬಿಟ್ಟಿದೆ.

ಎರಡು ವಾರಕ್ಕೆ ಜನನ ಪ್ರಮಾಣಪತ್ರ ಬಂತು. ಅದೇ ವಾರ ಮಾಡಿಸಿದ್ದು. ಅಂಟಿಸಿದ್ದ ಮುಖ ಅದೇ ಹುಡುಗಿಯದು. ಪತ್ರದ ಪ್ರಕಾರ ಅವಳಿಗೆ ಹದಿನೆಂಟು ತುಂಬಿ ಒಂದು ತಿಂಗಳಾಗಿತ್ತು.

ಮೇಲಧಿಕಾರಿಗೆ ತೋರಿಸಿ, ಇದು ಸುಳ್ಳು ಎಂದೆ. ಸರ್ಕಾರದ ಮೊಹರಿದೆಯಲ್ಲ, ಸುಳ್ಳು ಎನ್ನಲು ನಾವು ಯಾರು ಎಂದರು ಅವರು, ಮೆತ್ತಗೆ. ಇಷ್ಟು ಶ್ರದ್ಧೆಯಿಂದ ವಿಚಾರಿಸಿದ್ದಕ್ಕೆ ಅರಿಗಾತೋ ಎಂದು ತಲೆಬಾಗಿದರು ಬೇರೆ. ದನಿ ಎತ್ತಿ ಜಗಳವಾಡಿದೆ. ಮೂರು ದಿನ ಮುದ್ರೆಯನ್ನು ಡ್ರಾಯರಿನಿಂದ ತೆಗೆಯಲೇ ಇಲ್ಲ. ನಾಲ್ಕನೆಯ ದಿನ ತೆಗೆದು ಒತ್ತಿದೆ.

ಮನೆಗೆ ಬರುವಾಗ ಸಬ್‌ವೇ ರೈಲಿನಲ್ಲಿ ಹೊಳೆಯಿತು. ನಾನು ಕೇಳುವ ಮೊದಲು ಅವಳ ಬಳಿ ಯಾವ ಕಾಗದವೂ ಇದ್ದಿರಲಿಕ್ಕಿಲ್ಲ. ಯಾರಾದರೂ ಮುಖ ನೋಡಿ, ಇದಿನ್ನೂ ಮಗು ಎನ್ನಬಹುದಿತ್ತು. ಈಗ ಅವಳನ್ನು ಗಣಿಗೆ ಇಳಿಸಬಹುದು, ಯಾರಿಗಾದರೂ ಕಟ್ಟಬಹುದು, ಜೈಲಿಗೂ ತಳ್ಳಬಹುದು. ನಾನು ಓದಿ ಖುಷಿಪಟ್ಟ ಕಾನೂನುಗಳಲ್ಲಿ ಒಂದೂ ಅವಳ ನೆರವಿಗೆ ಬರುವುದಿಲ್ಲ. ಅಳು ಬಂತು. ಎದುರಿಗೆ ಕೂತವರು ಮರ್ಯಾದೆಯಿಂದ ಬೇರೆ ಕಡೆ ನೋಡಿದರು.

ಮೊನ್ನೆ ಮಗಳಿಗೆ ಹದಿಮೂರು ತುಂಬಿತು. ಅದೇ ವಾರ ಈ ವರ್ಷದ ಫಾರಂ ಬಂತು. ಅದರಲ್ಲಿ ಆ ಹುಡುಗಿಯ ಹೆಸರಿದೆ, ವಯಸ್ಸು ಹತ್ತೊಂಬತ್ತು. ಪಟ್ಟಿಯಲ್ಲಿ ಅವಳ ಕೆಳಗೆ ಇನ್ನೂ ನಾಲ್ಕು ಹೊಸ ಹೆಸರು, ನಾಲ್ವರಿಗೂ ಹದಿನೆಂಟು. ಈ ಸಲ ನಾನು ಏನೂ ಕೇಳಲಿಲ್ಲ.