ನೀಲವ್ವತ್ತೆಯ ಬಾಡಿಗೆ ಮನೆಗಳು

ಮನೆ ಕೊಳ್ಳಲು ಹೋದವರು ಗೋಡೆ ತಟ್ಟುತ್ತಾರೆ, ತೊಲೆ ನೋಡುತ್ತಾರೆ, ಬಾಗಿಲಿನ ದಿಕ್ಕು ವಿಚಾರಿಸುತ್ತಾರೆ. ನಮ್ಮ ನೀಲವ್ವತ್ತೆ ಮಾತ್ರ ನೆಲದಲ್ಲಿದ್ದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕುಳಿತುಬಿಟ್ಟಳು. ನಗಬೇಡಿ, ಅದು ಮಗ್ಗದ ಗುಂಡಿ. ಬೆಟಗೇರಿಯ ನೇಕಾರರು ಅದರಲ್ಲಿ ಕಾಲಿಳಿಸಿ ತುಳಿಯುತ್ತ, ನೆಲದ ಮಟ್ಟದಲ್ಲಿ ಕುಳಿತು ಸೀರೆ ನೇಯುತ್ತಾರೆ. ಗುಂಡಿಯ ತಳ ಜಿನುಗಿದರೆ ಬಾಡಿಗೆಯವರು ಒಂದೇ ಮಳೆಗಾಲಕ್ಕೆ ಗಂಟುಮೂಟೆ ಕಟ್ಟುತ್ತಾರೆ, ಒಣಗಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಕದಲುವುದಿಲ್ಲ ಎಂಬುದು ಅತ್ತೆಯ ಎಣಿಕೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಗಂಡನನ್ನು ಕಳೆದುಕೊಂಡು, ಲಕ್ಷ್ಮೇಶ್ವರದಲ್ಲಿ ತನ್ನ ಪಾಲಿಗೆ ಬಂದ ಹೊಲ ಮಾರಿ ಗದಗಿಗೆ, ನಮ್ಮ ಮನೆಗೆ ಬಂದಿದ್ದಳು. ನಾವಿದ್ದದ್ದು ಅಪ್ಪ ಗುಮಾಸ್ತನಾಗಿದ್ದ ಹತ್ತಿ ಗಿರಣಿಯವರು ಕೊಟ್ಟ ಮನೆಯಲ್ಲಿ. ಅಣ್ಣನಿಗೆ ಜೀವಕ್ಕಿಂತ ಹೆಚ್ಚಿನ ತಂಗಿ, ನಿಜ; ಆದರೂ ಸ್ವಂತ ಒಲೆ ಹೊತ್ತಿಸಿ, ಸ್ವಂತ ಗಳಿಕೆಯ ರೊಟ್ಟಿ ಉಣ್ಣಬೇಕೆಂಬುದೊಂದೇ ಅವಳ ಹಟವಾಗಿತ್ತು.

ಅಪ್ಪನೋ ಏಕೀಕರಣದ ಸಭೆಗಳಿಗೆ ತಪ್ಪದೆ ಹೋಗುವ ಆಸಾಮಿ. ಕನ್ನಡನಾಡು ಒಂದಾದರೆ ಗದಗು ಬೆಳೆಯುತ್ತದೆ, ಮುಂಡರಗಿ ರಸ್ತೆಯ ಬಯಲು ಜಾಗಕ್ಕೆ ಬಂಗಾರದ ಬೆಲೆ ಬರುತ್ತದೆ, ಹೊಲದ ಹಣ ಅಲ್ಲಿಗೇ ಹಾಕು ಎಂದು ತಿಂಗಳುಗಟ್ಟಲೆ ಅವಳ ಬೆನ್ನುಬಿದ್ದ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಆಡಿದಳು:

"ರಾಜ್ಯ ಬರೂತನಕಾ ನಾ ಏನ ಉಣ್ಲಿ, ಅಣ್ಣಾ?"

ಹೀಗೆ ಬಯಲು ಜಾಗವನ್ನು ಅಪ್ಪನೇ ತನ್ನ ಉಳಿತಾಯವನ್ನೆಲ್ಲ ಸುರಿದು ಕೊಂಡ. ಅತ್ತೆ ಬೆಟಗೇರಿಯ ಓಣಿಯಲ್ಲಿ, ನೇಕಾರರು ಬಾಡಿಗೆಗಿದ್ದ ಮೂರು ಮನೆಗಳ ಸಾಲು ಕೊಂಡಳು.

ಅವಳು ನಾದಿನಿಯ ಬಾಣಂತನಕ್ಕೆಂದು ಡಂಬಳಕ್ಕೆ ಹೋದಾಗ ಅಪ್ಪನಿಗೆ ಉಪಕಾರದ ಹುರುಪು ಹತ್ತಿತು. ದುರಸ್ತಿಯ ನೆಪದಲ್ಲಿ ನೇಕಾರರ ಮಗ್ಗ ಬಿಚ್ಚಿಸಿ, ಗುಂಡಿ ಮುಚ್ಚಿಸಿ, ನುಣ್ಣನೆಯ ಹಾಸುಗಲ್ಲು ಹಾಕಿಸಿದ! ಶಾಲೆಯ ಮಾಸ್ತರರು ಬರುತ್ತಾರೆ, ಬಾಡಿಗೆ ದುಪ್ಪಟ್ಟಾಗುತ್ತದೆ, ಮನೆಯ ಬೆಲೆಯೂ ಏರುತ್ತದೆ ಎಂದು ಅವನ ಭ್ರಮೆ. ಕಾಲಿಳಿಸಲು ಜಾಗವಿಲ್ಲದ ನೇಕಾರರು ಬೇರೆ ಓಣಿಗೆ ಹೋದರು. ಸುತ್ತಲಿನ ಮಗ್ಗಗಳ ಸದ್ದಿಗೆ ಹೆದರಿ ಮಾಸ್ತರರಂತೂ ಒಬ್ಬರೂ ಇತ್ತ ಸುಳಿಯಲಿಲ್ಲ. ಮೂರೂ ಮನೆಗೆ ಬೀಗ ಬಿತ್ತು, ಡಂಬಳದಿಂದ ಮರಳಿದ ಅತ್ತೆ ಮತ್ತೆ ಅಣ್ಣನ ಪಂಕ್ತಿಯಲ್ಲೇ ಊಟಕ್ಕೆ ಕುಳಿತಳು.

ನಾನಾಗಿದ್ದರೆ ಓಣಿಯೆಲ್ಲ ಕೇಳುವಂತೆ ಜಗಳ ತೆಗೆಯುತ್ತಿದ್ದೆ. ಅವಳು ಆಳು ಕರೆಸಿ ಕಲ್ಲು ಕೀಳಿಸಿದಳು. ಬಿಟ್ಟುಹೋದವರ ಬಾಗಿಲಿಗೆ ತಾನೇ ಹೋಗಿ, ನಿಮ್ಮ ಕಾಲಿನ ಅಳತೆಗೆ ನೀವೇ ಗುಂಡಿ ತೋಡಿಸಿಕೊಳ್ಳಿ, ಖರ್ಚು ನನ್ನದು ಎಂದು ಕರೆದಳು. ಇಬ್ಬರು ಮರಳಿ ಬಂದರು. ಮೂರನೆಯ ಮನೆಯಲ್ಲಿ ಅವಳ ಒಲೆ ಹೊತ್ತಿತು.

ಏರುವ ಬೆಲೆಯನ್ನು ಕಂಡು ಹಿಗ್ಗದವರಾರು ಹೇಳಿ? ಆದರೆ ಆ ಹಿಗ್ಗಿನಿಂದ ಸಂಜೆಯ ಅಡುಗೆ ಆಗುವುದಿಲ್ಲ. ಇನ್ನೊಬ್ಬರ ಮನೆತನ ನೆಲೆಗೊಂಡರೆ ತನ್ನ ಬದುಕೂ ನೆಲೆಗೊಳ್ಳುತ್ತದೆ ಎಂದು ಅರಿತಿದ್ದ ಆ ಹೆಂಗಸಿನ ಬುದ್ಧಿಗೆ ನಾನು ಇಂದಿಗೂ ಮರುಳಾಗಿದ್ದೇನೆ. ಬಾಡಿಗೆಯಲ್ಲಿ ಮಿಗಿಸಿ ಮಿಗಿಸಿ ಅವಳು ಹಿತ್ತಲಲ್ಲಿ ಎರಡು ಕೋಣೆಗಳನ್ನೂ ಕಟ್ಟಿಸಿದಳು.

ಏಕೀಕರಣವಾಯಿತು, ಊರೆಲ್ಲ ಸಿಹಿ ಹಂಚಿತು. ಬಯಲು ಜಾಗದ ಬೆಲೆ ಅಪ್ಪ ಹೇಳಿದ್ದಕ್ಕಿಂತ ಹೆಚ್ಚೇ ಏರಿತು, ಅವನ ಮಾತು ಸುಳ್ಳಾಗಲಿಲ್ಲ. ಆದರೆ ಮರುವರ್ಷ ಗಿರಣಿ ಮುಚ್ಚಿ, ನೌಕರಿಯ ಜೊತೆಗೆ ಮನೆಯೂ ಹೋಯಿತು. ಇನ್ನೂ ಏರೀತೆಂಬ ಆಸೆಗೆ ಜಾಗ ಮಾರಲು ಅವನಿಗೆ ಮನಸ್ಸಿಲ್ಲ, ಅಲ್ಲಿ ಮನೆ ಕಟ್ಟಲು ಕೈಯಲ್ಲಿ ಕಾಸಿಲ್ಲ. ಅತ್ತೆಯೇ ಬಂದು ನಮ್ಮನ್ನು ಹಿತ್ತಲಿನ ಕೋಣೆಗಳಿಗೆ ಕರೆದೊಯ್ದಳು.

ಒಂದು ತಿಂಗಳು ಅಪ್ಪ ಅತ್ತೆಯ ಪಂಕ್ತಿಯಲ್ಲಿ ಅರೆಹೊಟ್ಟೆ ಉಂಡು ಏಳುತ್ತಿದ್ದ. ಆಮೇಲೆ ದಲಾಲಿ ನಡೆಸುವ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು, ಮೊದಲ ಸಂಬಳ ತಂದು, ತಲೆ ತಗ್ಗಿಸಿಕೊಂಡೇ ಬಾಡಿಗೆ ಎಂದು ಅತ್ತೆಯ ಮುಂದೆ ಹಿಡಿದ. ಒಡಹುಟ್ಟಿದವನಿಂದ ಇಸಿದುಕೊಳ್ಳಲಾರಳು ಎಂದುಕೊಂಡಿದ್ದೆ. ಅತ್ತೆ ಇಸಿದುಕೊಂಡು ಸೆರಗಿಗೆ ಗಂಟು ಹಾಕಿದಳು.

"ಬ್ಯಾಡ ಅಂದ್ರ ನೀ ಹೊಟ್ಟಿ ತುಂಬ ಉಣ್ಣಾಂಗಿಲ್ಲ, ಅಣ್ಣಾ. ನಿನ್ನ ಮನ್ಯಾಗ ನಾನೂ ಹೊಟ್ಟಿ ತುಂಬ ಉಂಡಿಲ್ಲ."

ಅಂದು ಅಪ್ಪ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.