ಅಂಟಿನ ಕೋಣೆಯ ಅತ್ತಿಗೆ

ಒಂದು ಕಾಲಕ್ಕೆ ಆ ಊರಿನಲ್ಲಿ ಜೋಡು ಹೊಲಿಯದ ಮನೆಯೇ ಇರಲಿಲ್ಲ. ಅತ್ತಿಗೆಯ ಅಪ್ಪ ಬಾಗಿಲ ಬೆಳಕಿಗೆ ಕೂತು, ಮೇಣ ತೀಡಿದ ದಾರವನ್ನು ಎರಡು ಸೂಜಿಗಳಿಂದ ಎಳೆದೆಳೆದು ಅಟ್ಟೆ ಹೊಲಿಯುತ್ತಿದ್ದ. ಕಾರ್ಖಾನೆ ಬಂದ ಮೇಲೆ ಹೊಲಿಗೆ ಹೋಯಿತು, ಅಂಟು ಬಂತು. ಹತ್ತೊಂಬತ್ತಕ್ಕೇ ಅಂಟಿನ ಕೋಣೆ ಸೇರಿದವಳು ಇಪ್ಪತ್ತು ವರ್ಷದಲ್ಲಿ ಎಲ್ಲರಿಗೂ ಅತ್ತಿಗೆಯಾಗಿದ್ದಳು. ಅವಳ ನಾದಿನಿಯೂ ಅದೇ ಮೇಜಿನಲ್ಲಿ ದುಡಿಯುತ್ತಿದ್ದಳು. ಅವಳ ಬಾಯಿಂದ ಅಂಟಿಕೊಂಡ ಹೆಸರು ಅದು.

ಆ ಚಳಿಗಾಲ ಹೊಸ ಅಂಟು ಬಂತು. ಸಿಹಿ ವಾಸನೆ, ಬೇಗ ಒಣಗುತ್ತಿತ್ತು. ಗಾಳಿಗೆ ಕೆನೆಗಟ್ಟುತ್ತದೆಂದು ಮೇಸ್ತ್ರಿ ಕಿಟಕಿಗಳಿಗೆ ಮೊಳೆ ಹೊಡೆಸಿದ.

ಮೊದಲು ನಾದಿನಿ ಮೆಟ್ಟಿಲಲ್ಲಿ ಮುಗ್ಗರಿಸಿದಳು. "ಊರಿಗೆಲ್ಲ ಜೋಡು ಮಾಡ್ತೀವಿ, ನಮಗೇ ನಡೆಯೋಕೆ ಬರಲ್ಲ ನೋಡು," ಎಂದು ಹೆಂಗಸರು ಬಿದ್ದುಬಿದ್ದು ನಕ್ಕರು. ಮೂರನೆಯವಳು ಮುಗ್ಗರಿಸಿದಾಗ ಯಾರೂ ನಗಲಿಲ್ಲ.

ಒಂದು ಸಂಜೆ ಅತ್ತಿಗೆಯನ್ನು ಮಗಳು ಹೊಸ್ತಿಲಲ್ಲೇ ತಡೆದಳು.

"ಅಮ್ಮಾ, ಇನ್ನೊಂದು ಚಪ್ಪಲಿ ಎಲ್ಲಿ?"

ಅತ್ತಿಗೆ ಬಗ್ಗಿ ನೋಡಿದಳು. ಎಡಗಾಲು ಬರಿಗಾಲು. ಅಂಗಾಲಿಗೆ ಗಾಜಿನ ಚೂರು ನೆಟ್ಟಿತ್ತು, ಬೀದಿಯುದ್ದಕ್ಕೂ ರಕ್ತದ ಗುರುತು. ಅವಳಿಗೆ ಏನೇನೂ ಗೊತ್ತಾಗಿರಲಿಲ್ಲ.

ಮರುದಿನ ಮೇಜಿನ ಕೆಳಗೆ ಕೂತು ಒಬ್ಬೊಬ್ಬರ ಕಾಲ ಹೆಬ್ಬೆರಳಿಗೂ ಸೂಜಿ ಚುಚ್ಚಿದಳು. ಹನ್ನೊಂದು ಜನರಲ್ಲಿ ಚೀರಿದವರು ನಾಲ್ವರೇ. ಉಳಿದವರು, "ಚುಚ್ಚೇ, ಯಾಕೆ ಸುಮ್ನೆ ಕೂತೆ?" ಎಂದು ಕೇಳಿದರು.

"ಚಳಿಗೆ ಕಾಲು ಮರಗಟ್ಟುತ್ತಮ್ಮಾ," ಎಂದ ಮೇಸ್ತ್ರಿ.

"ನಿಮ್ಮದು ಮರಗಟ್ಟಿದ್ಯಾ?"

ಅವನು ಬಾಗಿಲು ಎಳೆದುಕೊಂಡು ಹೊರಗೆ ಹೋದ.

ಅತ್ತಿಗೆ ಇಕ್ಕಳ ತಂದು ಕಿಟಕಿಯ ಮೊಳೆ ಕಿತ್ತಳು. ಮಧ್ಯಾಹ್ನದೊಳಗೆ ಮೇಸ್ತ್ರಿ ಮತ್ತೆ ಹೊಡೆಸಿದ. ಅಂದು ಸಂಜೆ ನಾದಿನಿಗೆ ಬೆಂಚಿನಿಂದ ಏಳಲಾಗಲಿಲ್ಲ. ಅವಳನ್ನು ಅಂಗಳಕ್ಕೆ ಹೊತ್ತು ತಂದ ಹೆಂಗಸರು ಮತ್ತೆ ಒಳಗೆ ಹೋಗಲಿಲ್ಲ. ಆ ಅಂಟು ಹೊರಗೆ ಹೋಗಲಿ ಎಂದು ಹದಿನೇಳು ದಿನ ಕೆಲಸ ಬಿಟ್ಟು ಅಲ್ಲೇ ಕೂತರು. ಹದಿನೆಂಟನೆಯ ದಿನ ಕಾರ್ಖಾನೆಯವರು ಅಂಟಿನ ಡ್ರಮ್ಮುಗಳನ್ನು ಲಾರಿಗೆ ಹೇರಿದರು. ಮೇಲಿನ ಚೀಟಿಗಳನ್ನು ಯಾರೋ ಮೊದಲೇ ಕೆರೆದು ತೆಗೆದಿದ್ದರು.

ಲಾರಿ ದೂರ ಹೋಗಲಿಲ್ಲ. ಹೊಳೆಯಾಚೆ ಆಗಷ್ಟೇ ಎದ್ದಿದ್ದ ಕಾರ್ಖಾನೆಯ ಮುಂದೆ ನಿಂತಿತು.

ಅತ್ತಿಗೆಯ ಪಾದಕ್ಕೆ ನಿಧಾನವಾಗಿ ಜೀವ ಬಂತು, ಬೆರಳುಗಳಿಗೆ ಬರಲಿಲ್ಲ. ನಾದಿನಿ ಮತ್ತೆ ನಡೆಯಲೇ ಇಲ್ಲ. ಈಗ ಅತ್ತಿಗೆ ದಿನಾ ಬೆಳಿಗ್ಗೆ ಕೋಲೂರಿಕೊಂಡು ಸೇತುವೆ ದಾಟಿ ಆ ಗೇಟಿನ ಬಳಿ ನಿಲ್ಲುತ್ತಾಳೆ.

"ಕಾಲು ಜುಮ್ ಅಂತಿದ್ಯೇನ್ರೇ?" ಎಂದು ಕೆಲಸಕ್ಕೆ ಹೋಗುವ ಹುಡುಗಿಯರನ್ನು ಕೇಳುತ್ತಾಳೆ.

ಒಬ್ಬಿಬ್ಬರು ನಿಂತು ಅವಳ ಮುಖ ನೋಡುತ್ತಾರೆ. ಅಷ್ಟರಲ್ಲಿ ಸೈರನ್ ಕೂಗುತ್ತದೆ. ಅವರೂ ಒಳಗೆ ಓಡುತ್ತಾರೆ.